ಹೆಬ್ಬಾಗಿಲ ಅಳತೆಗೆರೆ

ಫೆಬ್ರವರಿ ೯, ಸೋಮವಾರ

ಬಸ್ಸು ನಲವತ್ತು ನಿಮಿಷ ತಡವಾಗಿ ಬಂದು ಮುಟ್ಟಿತು. ಇದು ಮೊದಲನೆಯ ತಪ್ಪು.

ಅಂಗಡಿಯ ಹಳೆಯ ಆರ್ಡರ್ ಪುಸ್ತಕಗಳಲ್ಲಿ ಹಾಳೆ ಉಳಿದಿದ್ದ ಒಂದನ್ನು ತಂದಿದ್ದೇನೆ. ಎಡಪುಟದಲ್ಲಿ ಈ ಊರಿನ ತಪ್ಪುಗಳನ್ನು ಅಂಕಿ ಹಾಕಿ ಬರೆಯುವುದು, ಬಲಪುಟದಲ್ಲಿ ದಿನದ ವಿಷಯ. ಇಪ್ಪತ್ತನೇ ತಾರೀಖಿನೊಳಗೆ ಎಡಪುಟ ತುಂಬಬೇಕು. ಆಮೇಲೆ ಪುಸ್ತಕವನ್ನು ಸೊಸೆಯ ಮುಂದೆ ಬಿಚ್ಚಿಟ್ಟರಾಯಿತು, ಅವಳೇ ಪೆಟ್ಟಿಗೆ ಕಟ್ಟುತ್ತಾಳೆ. ಕೂಗಾಡಿ ಕೆಲಸ ಮಾಡಿಸುವವಳು ನಾನಲ್ಲ. ನಲವತ್ತೊಂದು ವರ್ಷ ಶಾಲೆಗಳ ಸಮವಸ್ತ್ರ ಹೊಲಿಸಿದ್ದೇನೆ. ಹದಿನಾಲ್ಕು ಯಂತ್ರಗಳು ಒಟ್ಟಿಗೆ ಓಡುವಾಗಲೂ ನನ್ನ ಪಿಸುಮಾತು ಕೊನೆಯ ಯಂತ್ರದವನಿಗೆ ಕೇಳಿಸುತ್ತದೆ.

ಮಗ ತೀರಿಕೊಂಡ ಮೇಲೆ ಸೊಸೆ ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ಕಾಜಾ ಹೊಲಿದಳು. ಒಂದು ಮಾತು ಎದುರಾಡಿದವಳಲ್ಲ. ಹೋದ ಆಗಸ್ಟಿನಲ್ಲಿ, ಹಳೆಯ ಕಲ್ಲುಬರಹಗಳ ಅಚ್ಚನ್ನು ಕಾಗದಕ್ಕೆ ಇಳಿಸುವ ಸರ್ಕಾರಿ ಕೆಲಸವೊಂದು ಸಿಕ್ಕಿತು, ಆರು ತಿಂಗಳು ಹೋಗಿಬರುತ್ತೇನೆ ಎಂದಳು. ಮದುವೆಗೆ ಮುಂಚೆ ಚಿತ್ರಕಲೆ ಓದಿದ್ದಳಂತೆ. ಆರು ತಿಂಗಳು ತಾನೇ ಎಂದು ಮೊಮ್ಮಗಳನ್ನೂ ಜೊತೆಗೆ ಕಳಿಸಿದೆ. ಈಗ ಇನ್ನೂ ಮೂರು ವರ್ಷ ಇರುತ್ತೀರಾ ಎಂದು ಕೇಳಿದ್ದಾರೆ. ಇಪ್ಪತ್ತಕ್ಕೆ ಸಹಿ ಹಾಕಬೇಕು. ಆ ಸಹಿ ಬೀಳಬಾರದು. ಊರು ನೋಡಲು ಬರುತ್ತಿದ್ದೇನೆ ಎಂದು ಸೊಸೆಗೂ ಮೊಮ್ಮಗಳಿಗೂ ಹೇಳಿದ್ದೇನೆ. ನೋಡುತ್ತೇನೆ, ಚೆನ್ನಾಗಿಯೇ ನೋಡುತ್ತೇನೆ.

ನಿಲ್ದಾಣಕ್ಕೆ ಗುಂಡಿ ಓಡಿ ಬಂದಳು. ನಾಲ್ಕು ವರ್ಷದವಳಿದ್ದಾಗ ಅಂಗಡಿಯಲ್ಲಿ ಅಂಗಿಯ ಗುಂಡಿ ನುಂಗಿದ್ದಳು, ಅಂದಿನಿಂದ ಮೊಮ್ಮಗಳಿಗೆ ಅದೇ ಹೆಸರು. ಈಗ ಹನ್ನೊಂದು. ನನ್ನ ಪಕ್ಕದಲ್ಲಿ ನಿಂತು ಭುಜಕ್ಕೆ ಭುಜ ಹಚ್ಚಿ ನೋಡಿದಳು.

"ಅಜ್ಜಿ, ನೀನು ಮೊದಲಿಂದಾನೂ ಇಷ್ಟೇ ಗಿಡ್ಡ ಇದ್ಯಾ?"

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ತಪ್ಪು ೨: ಕಿಟಕಿಯ ಪರದೆ ನಾಲ್ಕು ಇಂಚು ಮೋಟು. ತಪ್ಪು ೩: ಹೊರಗಿನ ಮೆಟ್ಟಿಲುಗಳಲ್ಲಿ ಮೂರನೆಯದು ಉಳಿದವಕ್ಕಿಂತ ಎತ್ತರ. ಕೆಳಗಿನ ಪಂಚರ್ ಯಜಮಾನರಿಗೆ ಅದನ್ನು ಅಲ್ಲೇ ಹೇಳಿದೆ.

"ಅಮ್ಮಾ, ಮೂವತ್ತು ವರ್ಷದಿಂದ ಆ ಮೆಟ್ಟಿಲು ಹಾಗೇ ಇದೆ. ಇಲ್ಲೀವರೆಗೂ ಬಿದ್ದೆ ಅಂತ ಯಾರೂ ಬಂದು ಹೇಳಿಲ್ಲ."

"ಬಿದ್ದವರು ಎದ್ದು ಬಂದ್ರೆ ತಾನೇ ಹೇಳೋದು?"

ಅವರು ನಕ್ಕರು. ನಾನು ನಗಲಿಲ್ಲ.

ಫೆಬ್ರವರಿ ೧೦, ಮಂಗಳವಾರ

ಗುಂಡಿ ಶಾಲೆಯಿಂದ ಬಂದವಳೇ ಊರು ತೋರಿಸಲು ಹೊರಟಳು. ಒಂದು ದೊಡ್ಡ ಬೀದಿ, ಅದಕ್ಕೆ ಅಡ್ಡ ಮೂರು ಸಣ್ಣ ಬೀದಿ. ಚೌಕದ ಗಡಿಯಾರ ಮೂರೂ ಹತ್ತಕ್ಕೆ ನಿಂತಿದೆ (ತಪ್ಪು ೪). ಆದರೂ ಅದರ ಕೆಳಗೆ ಹಾದುಹೋಗುವ ಪ್ರತಿಯೊಬ್ಬರೂ ಮುಖ ಎತ್ತಿ ಅದನ್ನೊಮ್ಮೆ ನೋಡಿ, ಆಮೇಲೆ ಕೈಗಡಿಯಾರ ನೋಡಿಕೊಳ್ಳುತ್ತಾರೆ.

ಬೀದಿ ಮುಗಿದಲ್ಲಿ ನದಿ. ಅದರ ಮೇಲೆ ಏಳು ಕಮಾನಿನ ಹಳೆಯ ಕಲ್ಲುಸೇತುವೆ. ನಡುವಿನ ಎರಡು ಕಮಾನು ಬಿದ್ದುಹೋಗಿ, ಈಗ ಅದು ಆ ದಡಕ್ಕೂ ಇಲ್ಲ, ಈ ದಡಕ್ಕೂ ಇಲ್ಲ. ತುದಿಯವರೆಗೆ ನಡೆದುಹೋಗಬಹುದು, ಆದರೆ ಕಟಕಟೆಯಿಲ್ಲ. ಪುಸ್ತಕ ತೆಗೆದು ತಪ್ಪು ೫ ಎಂದು ಬರೆದುಕೊಂಡೆ.

"ಏನು ಬರೀತಿದೀಯಾ?"

"ಕಟಕಟೆ ಇಲ್ಲ ಅಂತ."

"ಅಜ್ಜೀ! ಆ ಸೇತುವೆ ಬಿದ್ದು ಮುನ್ನೂರು ವರ್ಷ ಆಗಿದೆ. ಈಗ ಯಾರಿಗೆ ಕಂಪ್ಲೇಂಟ್ ಕೊಡ್ತೀಯಾ?"

ಇವಳು ಬಾಯಿ ಕಲಿತಿದ್ದಾಳೆ. ಇದನ್ನೂ ತಪ್ಪುಗಳಲ್ಲಿ ಸೇರಿಸೋಣವೆಂದುಕೊಂಡೆ. ಆದರೆ ಅದು ಊರಿನ ತಪ್ಪೋ ನಮ್ಮ ಮನೆತನದ್ದೋ ಎಂದು ತೀರ್ಮಾನವಾಗಲಿಲ್ಲ.

ತಪ್ಪು ೬ ಮಾತ್ರ ಘೋರವಾದದ್ದು. ಇಲ್ಲಿನ ಶಾಲೆಯ ಹಸಿರು ಲಂಗವನ್ನು ಯಾರೋ ಒಳಮಡಿಕೆಯನ್ನೇ ಬಿಡದೆ ಹೊಲಿದಿದ್ದಾರೆ. ಬೆಳೆಯುವ ಹುಡುಗಿಗೆ ಅಂಚು ಬಿಚ್ಚಿ ಉದ್ದ ಮಾಡಲು ಅರ್ಧ ಇಂಚು ಬಟ್ಟೆಯೂ ಇಲ್ಲ. ಆರು ತಿಂಗಳಲ್ಲೇ ಮೊಣಕಾಲ ಮೇಲೆ ಏರಿದೆ.

"ಅಮ್ಮ ಹೊಸದು ಹೊಲಿಸ್ತೀನಿ ಅಂದ್ಲು," ಎಂದಳು.

"ಹತ್ತು ದಿನಕ್ಕೆ ಹೊಸದು ಯಾಕೆ?" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗದಿರುವುದೇ ಒಳ್ಳೆಯದು.

ಫೆಬ್ರವರಿ ೧೨, ಗುರುವಾರ

ಇಂದು ಕೆಲಸ ಮುಗಿಸಿಬಿಟ್ಟೆ. ಎಡಪುಟ ತುಂಬುವವರೆಗೆ ಕಾಯಬೇಕಾಗಲಿಲ್ಲ.

ಊರಿನಿಂದ ಆರು ಮೈಲಿಯಲ್ಲಿ ಒಂದು ಜಲಪಾತ. ಅದರ ಬುಡದ ಬಂಡೆಯಲ್ಲಿ ಎಂಟು ಸಾಲು ಬರಹವಿದೆ, ಅದರ ಅಚ್ಚು ತೆಗೆಯುವುದನ್ನು ತೋರಿಸುತ್ತೇನೆ ಎಂದು ಸೊಸೆ ಇಲಾಖೆಯ ಜೀಪಿನಲ್ಲಿ ಕರೆದುಕೊಂಡು ಹೋದಳು. ನೀರು ಬೀಳುವುದನ್ನು ನೋಡಿದೆ. ತುಂಬ ನೀರು, ತುಂಬ ಸದ್ದು. ಒಂದಿಡೀ ಥಾನು ಬಿಳಿ ಬಟ್ಟೆಯನ್ನು ಮೇಲಿನಿಂದ ಬಿಚ್ಚಿ ಎಸೆದು, ಅದು ನೆಲ ಮುಟ್ಟುವ ಮುಂಚೆ ಮತ್ತೊಂದನ್ನು ಎಸೆದ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ, ಕನ್ನಡಕ ಪೂರ್ತಿ ಒದ್ದೆಯಾಗಿತ್ತು. ತಪ್ಪು ೭: ಕೂರಲು ಒಂದು ಕಲ್ಲುಬೆಂಚೂ ಇಲ್ಲ.

ಸೊಸೆ ಮೊದಲು ಬಂಡೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದಳು. ಒದ್ದೆ ಕಾಗದವನ್ನು ಅದಕ್ಕೆ ಅಂಟಿಸಿ, ಅಕ್ಷರದ ಹಳ್ಳಕ್ಕೆಲ್ಲ ಇಳಿಯುವಂತೆ ಗಡುಸು ಬ್ರಷ್ಷಿನಿಂದ ಬಡಿದಳು. ಕಾಗದ ಅರೆ ಒಣಗಿದ ಮೇಲೆ ಹತ್ತಿ ತುಂಬಿದ ಬಟ್ಟೆಯ ಉಂಡೆಯನ್ನು ಮಸಿಗೆ ಅದ್ದಿ ಮೆತ್ತಗೆ ತಟ್ಟುತ್ತ ಹೋದಳು. ಉಬ್ಬಿದ ಕಡೆ ಕಪ್ಪಾಯಿತು, ಅಕ್ಷರವಿದ್ದ ಹಳ್ಳ ಬೆಳ್ಳಗೆ ಉಳಿಯಿತು. ಎರಡು ಗಂಟೆ ಅವಳು ತಲೆ ಎತ್ತಲಿಲ್ಲ. ನನ್ನ ಪಕ್ಕದಲ್ಲಿ ಕಾಜಾ ಹೊಲಿಯುವಾಗ ಹತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ನೋಡುತ್ತಿದ್ದಳು.

ಕಾಗದದ ಮೇಲೆ ಅಡ್ಡಡ್ಡ ಗೀರು ಬಿದ್ದಿತ್ತು. ಕಾರಣ ನನಗೆ ಕೂತಲ್ಲಿಂದಲೇ ಕಂಡಿತು. ಉಂಡೆಯ ಹೊಲಿಗೆ ತಟ್ಟುವ ಮುಖದ ಮೇಲೇ ಇದೆ. ಹೊಲಿಗೆಯನ್ನು ಹಿಂದಕ್ಕೆ ತರಬೇಕು. ಹೇಳಲಿಲ್ಲ. ಉಳಿದ ಎಂಟು ದಿನಕ್ಕೆ ಯಾಕೆ?

ಅವಳು ಬ್ರಷ್ಷು ತೊಳೆಯಲು ನೀರಿಗೆ ಇಳಿದಾಗ ಅವಳ ಸಾಹೇಬರು ನನ್ನ ಹತ್ತಿರ ಬಂದರು. ಸಣಕಲು ಮನುಷ್ಯ, ದೊಡ್ಡ ಹ್ಯಾಟು.

"ತಾಯಿ, ನಿಮ್ಮ ಸೊಸೆ ಕೈ ಚಿನ್ನದಂಥದ್ದು."

"ಆ ಕೈ ಇಪ್ಪತ್ತಕ್ಕೆ ನನ್ನ ಜೊತೆ ಊರಿಗೆ ಬರತ್ತೆ. ಇವಳು ಸಹಿ ಹಾಕೋದಿಲ್ಲ. ನೀವು ಬೇರೆಯವರನ್ನ ನೋಡ್ಕೊಳ್ಳಿ."

ಅವರು ಹ್ಯಾಟು ತೆಗೆದರು. "ಅವರೇ ಹೀಗೆ ಹೇಳಿದ್ರಾ?"

"ನಮ್ಮ ಮನೇಲಿ ಹೇಳೋದು ನಾನು."

ಅವರು ಹ್ಯಾಟು ಹಾಕಿಕೊಂಡು ಹೋದರು. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಹತ್ತು ದಿನ ಇಟ್ಟುಕೊಂಡು ಬಂದಿದ್ದೆ.

ಫೆಬ್ರವರಿ ೧೩, ಶುಕ್ರವಾರ

ಪರದೆ ಬಿಚ್ಚಿ ಕೆಳಗೆ ನಾಲ್ಕಿಂಚು ಪಟ್ಟಿ ಕೊಟ್ಟು ಹೊಲಿದೆ. ಇಲ್ಲಿರುವುದು ಒಂದು ವಾರವೇ ಆದರೂ ಕಣ್ಣಿಗೆ ಚುಚ್ಚುತ್ತಿತ್ತು. ತಪ್ಪು ೨ ಹೊಡೆದುಹಾಕಿದ್ದೇನೆ. ಪಂಚರ್ ಯಜಮಾನರು ತಾವಾಗಿಯೇ ಎರಡನೇ ಮೆಟ್ಟಿಲಿನ ಮೇಲೆ ಒಂದು ಹಲಗೆ ಹಾಸಿ ಮೂರನೆಯದರ ಎತ್ತರ ಸರಿಮಾಡಿದ್ದಾರೆ. ಅದನ್ನೂ ಹೊಡೆದುಹಾಕಬೇಕಾಯಿತು.

ಫೆಬ್ರವರಿ ೧೪, ಶನಿವಾರ

ಊರಿನ ಹಿಂದೆ ಒಂದು ಬೋಳುಗುಡ್ಡ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಬುಡದ ಫಲಕದಲ್ಲಿ ಮೆಟ್ಟಿಲು ಮುನ್ನೂರು ಎಂದು ಬರೆದಿದೆ.

"ನಿಧಾನಕ್ಕೆ ಹತ್ತೋಣ ಅತ್ತೆ, ಅಲ್ಲಲ್ಲಿ ಕೂತು," ಎಂದಳು ಸೊಸೆ. "ಮೇಲೆ ನಿಮಗೆ ತೋರಿಸೋದು ಒಂದಿದೆ."

"ಕಲ್ಲು ತಾನೇ? ಕೆಳಗೂ ಬೇಕಾದಷ್ಟಿದೆ."

"ಕಲ್ಲೇ. ಆದ್ರೆ ನೀವು ನೋಡ್ಬೇಕಾದ ಕಲ್ಲು."

ಮೊಣಕಾಲು ಬಿಡುವುದಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಗುಂಡಿ ಮಾತ್ರ ಎಂಟು ಮೆಟ್ಟಿಲು ಓಡಿ ಹತ್ತಿ, ತಿರುಗಿ ನಮ್ಮಿಬ್ಬರನ್ನೂ ನೋಡಿ, ಮುಖ ಸಣ್ಣ ಮಾಡಿಕೊಂಡು ಇಳಿದು ಬಂದಳು. ದಾರಿಯಲ್ಲಿ ಸೊಸೆ ಗಿಡದಿಂದ ಬಿದ್ದ ಕಾಯಿಯೊಂದನ್ನು ಚೆಂಡಿನ ಹಾಗೆ ಒದೆಯುತ್ತ ಬಂದಳು, ಅವರಿಬ್ಬರೂ ಮನೆಯವರೆಗೆ ಅದನ್ನು ಒದ್ದುಕೊಂಡೇ ಬಂದರು. ಮೂವತ್ತೆಂಟು ವರ್ಷದ ಹೆಂಗಸು. ನಮ್ಮ ಬೀದಿಯಲ್ಲಿ ಹೀಗೆ ಮಾಡಿದ್ದರೆ ಬಿಡುತ್ತಿರಲಿಲ್ಲ. ಇಲ್ಲಿ ನೋಡುವವರು ಯಾರಿದ್ದಾರೆ ಎಂದು ಸುಮ್ಮನಾದೆ.

ಫೆಬ್ರವರಿ ೧೬, ಸೋಮವಾರ

ಸೊಸೆಗೆ ಗೊತ್ತಾಯಿತು.

ಸಂಜೆ ಬಂದು ಕೈಕಾಲು ತೊಳೆದು ನನಗೆ ಚಹಾ ಕೊಟ್ಟು ಎದುರಿಗೆ ಕೂತಳು. ಅತ್ತಿರಲಿಲ್ಲ.

"ಸಾಹೇಬರು ಎಲ್ಲಾ ಹೇಳಿದ್ರು ಅತ್ತೆ. ಬೇರೆಯವರನ್ನ ಕಳಿಸಿ ಅಂತ ಕಚೇರಿಗೆ ಪತ್ರ ಬರೀತಿದಾರೆ."

"ಒಳ್ಳೇದಾಯ್ತು. ನಿನ್ನ ಜಾಗ ಅಂಗಡೀಲಿ ಹಾಗೇ ಇದೆ."

"ನಾಲ್ಕು ವರ್ಷ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ನಿನಗೇನು ಬೇಕು ಅಂತ ಒಂದು ಮಾತು ಕೇಳಬಹುದಿತ್ತು."

ನಾನು ಕಪ್ಪು ಕೆಳಗಿಟ್ಟೆ. "ಇರೋ ಆಸೆ ಇದ್ರೆ ಹೋಗಿ ಹೇಳ್ಕೋ. ಅತ್ತೆ ಹೇಳಿದ್ದು ಸುಳ್ಳು ಅನ್ನು. ಕಾಲು ಕಟ್ಟಿದೀನಾ?"

"ಅದು ನನ್ನಿಂದ ಆಗಲ್ಲ," ಎಂದಳು. "ನಾಲ್ಕು ಜನದ ಮುಂದೆ ನಿಮ್ಮನ್ನ ಸುಳ್ಳುಗಾತಿ ಮಾಡಿ ಈ ಕೆಲಸ ಉಳಿಸ್ಕೊಳ್ಳಲ್ಲ. ನೀವು ಹೇಳಿದ್ದೇ ಆಗ್ಲಿ. ಬರ್ತೀನಿ."

ಬರುತ್ತೇನೆ ಎಂದಳು. ನಾನು ಬಂದದ್ದು ಅದಕ್ಕೇ.

ಫೆಬ್ರವರಿ ೧೭, ಮಂಗಳವಾರ, ಬೆಳಿಗ್ಗೆ

ಗುಂಡಿ ನನ್ನ ಜೊತೆ ಮಾತಾಡುತ್ತಿಲ್ಲ. ತಪ್ಪು ೮, ೯ ಹುಡುಕಲು ಬೀದಿಗೆ ಹೋಗಿದ್ದೆ. ಸಿಗಲಿಲ್ಲ.

ಅದೇ ದಿನ, ಸಂಜೆ

ಸೊಸೆ ಸಾಮಾನು ಕಟ್ಟುತ್ತಿದ್ದಾಳೆ. ಬ್ರಷ್ಷುಗಳನ್ನು ತೊಳೆದು, ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿದಳು. ಅವು ಇಲಾಖೆಯವು, ನಾಳೆ ಪಕ್ಕದ ಊರಿನ ಕಚೇರಿಗೆ ಒಪ್ಪಿಸಿ ಬರಬೇಕಂತೆ. ಅವಳು ಕೆಳಗೆ ಹೋದಾಗ ಗುಂಡಿ ಉದ್ದನೆಯ ಕಾಗದದ ಸುರುಳಿಯೊಂದನ್ನು ತಂದು ನನ್ನ ಮಡಿಲಿಗೆ ಎಸೆದಳು.

"ಇದು ನಿನಗೆ ಅಂತ ಅಮ್ಮ ಮಾಡಿದ್ದು. ಬೆಟ್ಟದ ಮೇಲೆ ತೋರಿಸಿ ಅಲ್ಲೇ ಕೊಡ್ಬೇಕು ಅಂತಿದ್ಲು. ಈಗ ಕೊಡಲ್ವಂತೆ. ನಾನೇ ಕೊಡ್ತಿದೀನಿ. ಆದ್ರೂ ನಿನ್ನ ಜೊತೆ ಟೂ."

ಬಿಚ್ಚಿ ನೆಲದ ಮೇಲೆ ಹಾಸಿದೆ. ಕಪ್ಪು ಹಿನ್ನೆಲೆಯಲ್ಲಿ ನೇರವಾದ ಒಂದು ಬಿಳಿ ಗೆರೆ, ಎರಡು ತುದಿಗೂ ಅಡ್ಡ ಕಚ್ಚು. ಮೇಲೆ ಒಂದು ಸಾಲು ಬರಹ. ಕೆಳಗೆ ಸೊಸೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾಳೆ: "ಕೋಟೆಯ ಹೆಬ್ಬಾಗಿಲಲ್ಲಿರುವ ಅಳತೆಗೆರೆ. ಸಂತೆಗೆ ಬರುವ ಬಟ್ಟೆ ವ್ಯಾಪಾರಿಗಳು ತಮ್ಮ ಅಳತೆಗೋಲನ್ನು ಇದಕ್ಕೆ ಹಿಡಿದು ತೋರಿಸಿಯೇ ಒಳಗೆ ಹೋಗಬೇಕಿತ್ತು. ಇದನ್ನು ಕಂಡ ದಿನ ನಮ್ಮ ಅತ್ತೆ ಇಲ್ಲಿರಬೇಕಿತ್ತು ಅನ್ನಿಸಿತು." ತಾರೀಖು ಹೋದ ಸೆಪ್ಟೆಂಬರಿನದು.

ಹತ್ತಿರ ಹತ್ತಿರ ಅರ್ಧ ವರ್ಷ ಇಟ್ಟುಕೊಂಡಿದ್ದಾಳೆ.

ಚೀಲದಿಂದ ಟೇಪು ತೆಗೆದು ಅಳೆದೆ. ಮೂವತ್ತನಾಲ್ಕೂವರೆ ಇಂಚು. ಎರಡು ಸಲ ಅಳೆದೆ. ಆದರೆ ಒದ್ದೆ ಕಾಗದ ಒಣಗಿದರೆ ಬಟ್ಟೆಯ ಹಾಗೆಯೇ ಕುಗ್ಗುತ್ತದೆ, ಈ ಅಳತೆಯನ್ನು ನಂಬುವುದಕ್ಕಾಗದು. ಮೇಲಿನ ಸಾಲಿನ ನಡುವೆ, ಒಂದು ಪದದ ಮೇಲೆ ಸರಿಯಾಗಿ, ಆ ಹಾಳು ಉಂಡೆಯ ಹೊಲಿಗೆಯ ಗೀರು.

ನನ್ನ ಹಳೆಯ ಒಳಂಗಿಯ ಮೆತ್ತನೆ ಬಟ್ಟೆ ಕತ್ತರಿಸಿ, ಹತ್ತಿ ತುಂಬಿ, ಹೊಸ ಉಂಡೆ ಹೊಲಿದೆ. ಹೊಲಿಗೆಯೆಲ್ಲ ಹಿಂದಕ್ಕೆ. ಮುಖ ಮಗುವಿನ ಕೆನ್ನೆಯ ಹಾಗೆ ನುಣ್ಣಗಿದೆ. ಬಿಟ್ಟು ಹೋಗುವ ಊರೇ ಆದರೂ ಕೆಲಸ ಕೆಟ್ಟದಾಗಿ ಬಿಟ್ಟುಹೋಗುವುದು ನಮ್ಮ ಅಂಗಡಿಯ ಪದ್ಧತಿಯಲ್ಲ.

ಫೆಬ್ರವರಿ ೧೮, ಬುಧವಾರ

ಬೆಟ್ಟ ಹತ್ತಿದೆ.

ಅಳತೆಯನ್ನು ಕಲ್ಲಿನ ಮೇಲೇ ನೋಡಬೇಕಿತ್ತು, ಅದಕ್ಕೆ ಹೋದದ್ದು. ಸೊಸೆ ಸಾಮಾನು ಒಪ್ಪಿಸಲು ಹೊರಟ ಮೇಲೆ, ಗುಂಡಿ ಶಾಲೆಗೆ ಹೋದ ಮೇಲೆ ಹೊರಟೆ. ಪಂಚರ್ ಯಜಮಾನರು ನನ್ನನ್ನು ತಡೆಯಲಿಲ್ಲ, ಒಂದು ದೊಣ್ಣೆ ಕೊಟ್ಟರು. "ಸಾಹೇಬರು ಇವತ್ತು ಮೇಲೇ ಇದಾರಂತೆ ಅಮ್ಮಾ," ಎಂದರು. ನಾನು ಕೇಳಿರಲಿಲ್ಲ. ಕೇಳದೆ ಹೇಳುವ ಚಟ ಈ ಊರಿನವರಿಗೆ ಬಹಳ.

ನೂರನೆಯ ಮೆಟ್ಟಿಲಿನಲ್ಲಿ ಕೂತೆ. ನೂರೈವತ್ತರಲ್ಲಿ ಕೂತೆ. ಅಲ್ಲಿಂದ ನದಿ ಕಾಣುತ್ತದೆ, ಮುರಿದ ಸೇತುವೆ ಕಾಣುತ್ತದೆ, ಸೈಕಲ್ ಅಂಗಡಿಯ ಮೇಲಿನ ನಮ್ಮ ಕಿಟಕಿಯೂ ಕಾಣುತ್ತದೆ. ಪರದೆ ಸರಿಯಾಗಿ ಕೂತಿದೆ. ಇನ್ನೂರರಿಂದ ಮುಂದೆ ಹತ್ತು ಹತ್ತಕ್ಕೆ ಕೂತೆ. ಮೊಣಕಾಲು ಬೇಡ ಎಂದಿತು. ನಿನ್ನನ್ನು ಕೇಳಿದವರು ಯಾರು ಎಂದೆ. ತಪ್ಪು ೮: ಮೆಟ್ಟಿಲು ಮುನ್ನೂರ ಹನ್ನೆರಡು. ಫಲಕದಲ್ಲಿ ಹನ್ನೆರಡನ್ನು ನುಂಗಿದ್ದಾರೆ, ಕೊನೆಯ ಹನ್ನೆರಡು ಎಷ್ಟೆಂದು ಹತ್ತಿದವರಿಗೇ ಗೊತ್ತು.

ಹೆಬ್ಬಾಗಿಲಿನ ಬಲಗಡೆ, ನನ್ನ ಎದೆಯ ಮಟ್ಟಕ್ಕೆ ಆ ಗೆರೆ ಇದೆ. ಕಚ್ಚುಗಳು ನುಣುಪಾಗಿ ಸವೆದಿವೆ. ಎಷ್ಟು ಜನರ ಕೋಲು ತಾಗಿರಬೇಕು! ಟೇಪು ಹಿಡಿದೆ. ಮೂವತ್ತನಾಲ್ಕೂ ಮುಕ್ಕಾಲು. ಕಾಗದ ಕಾಲಿಂಚು ಕುಗ್ಗಿತ್ತು. ನಾನು ಅಂದುಕೊಂಡದ್ದೇ ಸರಿ.

ಸಾಹೇಬರು ಒಳಗಿನಿಂದ ಬಂದು ನನ್ನನ್ನು ನೋಡಿ ಹೆದರಿದರು. "ತಾಯಿ! ಒಬ್ಬರೇ ಹತ್ತಿದ್ರಾ?"

"ಈ ಮೇಲಿನ ಸಾಲು ಏನನ್ನತ್ತೆ?"

ಅವರು ಬೆರಳಿಟ್ಟು ಓದಿದರು. "'ಇದಕ್ಕಿಂತ ಕಡಿಮೆ ಅಳೆಯುವವರು ಈ ಬಾಗಿಲು ದಾಟಕೂಡದು.' ಕಡಿಮೆ ಅನ್ನೋದು ನಮ್ಮ ಅಚ್ಚಲ್ಲಿ ಬರಲೇ ಇಲ್ಲ, ಗೀರು ಬಿತ್ತು."

ಚೀಲದಿಂದ ಉಂಡೆ ತೆಗೆದು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಅಂಗೈಗೆ ತಟ್ಟಿಕೊಂಡರು. "ಇಷ್ಟು ವರ್ಷ ನಮಗಿದು ಹೊಳೀಲೇ ಇಲ್ವಲ್ಲ! ಯಾರ ಕೈಯಿಂದ ಅಚ್ಚು ತೆಗೆಸ್ಲಿ ಈಗ?"

"ನನ್ನ ಸೊಸೆ ಕೈಯಿಂದ."

ಅವರು ಉಂಡೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು.

"ಆವತ್ತು ನಾನು ಅಳತೆ ತಗೊಳ್ಳದೆ ಕತ್ತರಿ ಹಾಕಿದೆ," ಎಂದೆ. "ಅವಳು ಬರ್ತೀನಿ ಅಂತ ಹೇಳೇ ಇರಲಿಲ್ಲ. ನಾನು ಅವಳನ್ನ ಕೇಳೇ ಇರಲಿಲ್ಲ. ಆ ಪತ್ರ ಹರೀರಿ."

"ಪತ್ರ ನಿನ್ನೇನೇ ಹೋಯ್ತಲ್ಲ ತಾಯಿ."

"ಇನ್ನೊಂದು ಬರೀರಿ. ಮೊದಲಿಂದು ತಪ್ಪು ಅಂತ ಬರೀರಿ. ಯಾರ ತಪ್ಪು ಅಂತ ಕೇಳಿದ್ರೆ ನನ್ನ ಹೆಸರು ಹಾಕಿ. ನೀವು ಬರೆಯೋವರೆಗೂ ನಾನು ಇಲ್ಲಿಂದ ಇಳಿಯಲ್ಲ."

ಹೆಬ್ಬಾಗಿಲಿನ ಹೊರಗಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ನೆರಳಿದೆ ಬನ್ನಿ ಎಂದು ಮೂರು ಸಲ ಕರೆದರು. ಹೋಗಲಿಲ್ಲ. ಅವರು ಒಳಗೆ ಕೂತು ಬರೆದು, ತಂದು ಓದಿ ಹೇಳಿದರು. ಎರಡನೆಯ ಸಾಲು ಸಡಿಲವಾಗಿತ್ತು, ಬಿಗಿ ಮಾಡಿಸಿದೆ. ನಾಳೆ ಬೆಳಿಗ್ಗೆ ಕಚೇರಿಗೆ ತಾವೇ ಒಯ್ದು ಕೊಡುತ್ತೇನೆ ಎಂದರು.

"ನಿಮ್ಮ ಸೊಸೆಗೆ ನಾನೇ ತಿಳಿಸ್ಲಾ?"

"ಬೇಡ. ಕೆಡಿಸಿದ್ದು ನಾನು, ಹೇಳೋದೂ ನಾನೇ."

ಇಳಿಯುವಾಗ ಅವರ ಇಬ್ಬರು ಕೆಲಸಗಾರರು ಆಚೆ ಈಚೆ ಹಿಡಿದುಕೊಂಡರು. ಬಿಡಿಸಿಕೊಳ್ಳಲಿಲ್ಲ. ಮೆಟ್ಟಿಲು ಕೆಟ್ಟದಾಗಿದ್ದವು.

ಅದೇ ದಿನ, ಸಂಜೆ

ಸೊಸೆ ಬಂದಳು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೊದಲನೆಯ ಸಲ, ಬಾಗಿಲು ಹಾಕು ಎಂದೆ. ಎರಡನೆಯ ಸಲ, ನೀರು ಕೊಡು ಎಂದೆ. ಮೂರನೆಯ ಸಲ ಅವಳೇ, "ಕಾಲು ಯಾಕೆ ಇಷ್ಟು ಊದಿದೆ ಅತ್ತೆ?" ಎಂದಳು. ಬೀದಿಯಲ್ಲಿ ಎಡವಿದೆ ಎಂದೆ. ಬಿಸಿನೀರಿನ ಬಟ್ಟೆ ಹಿಂಡಿ ಮೊಣಕಾಲಿಗೆ ಸುತ್ತಿದಳು, ಬಿಗಿಯೂ ಅಲ್ಲ, ಸಡಿಲವೂ ಅಲ್ಲ.

ಫೆಬ್ರವರಿ ೧೯, ಗುರುವಾರ

ಬೆಳಿಗ್ಗೆಯೂ ಮಾತು ಬರಲಿಲ್ಲ. ಸೊಸೆ ಕೊನೆಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಈ ನಲವತ್ತೊಂದು ವರ್ಷದಲ್ಲಿ ಯಾರ ಮುಂದೆಯೂ ಹೇಳದ ಮಾತು ಇದು, ನಾಲಿಗೆಗೆ ರೂಢಿಯಿಲ್ಲ. ಸಾಹೇಬರಿಗೆ ಹೇಳುವಾಗ ಬಂದಿತ್ತಲ್ಲ ಎಂದುಕೊಂಡೆ. ಅವರು ಹೊರಗಿನವರು.

ಮೆಲ್ಲಗೆ ಇಳಿದು ಬಟ್ಟೆ ಅಂಗಡಿಗೆ ಹೋಗಿ ಹಸಿರು ಬಟ್ಟೆ ತಂದೆ. ಗುಂಡಿಯ ಹಳೆಯ ಲಂಗವನ್ನು ಇಟ್ಟು ಗುರುತು ಹಾಕಿ ಕತ್ತರಿಸಿದೆ. ಯಂತ್ರವಿಲ್ಲ, ಕೈಯಲ್ಲೇ ಹೊಲಿದೆ. ನನ್ನ ಕೈಹೊಲಿಗೆ ಈಗಲೂ ಯಂತ್ರಕ್ಕೆ ನಾಚಿಕೆ ತರಿಸುತ್ತದೆ.

ಸಂಜೆ ಅವಳು ಶಾಲೆಯಿಂದ ಬಂದಾಗ ಅಂಚು ಹೊಲಿಯುತ್ತಿದ್ದೆ. ಟೂ ಬಿಟ್ಟಿದ್ದು ಮರೆತು ಬಳಿಗೆ ಬಂದಳು.

"ಇದು ಇಲ್ಲಿನ ಶಾಲೇದಲ್ವಾ? ನಾಳೆ ಹೋಗ್ತೀವಲ್ಲ?"

ನಾನು ದಾರ ಎಳೆದೆ.

ಅವಳು ಲಂಗವನ್ನು ಮಗುಚಿ ಒಳಗಡೆ ನೋಡಿದಳು. "ಅಯ್ಯೋ, ಇಷ್ಟಗಲ ಯಾಕೆ ಮಡಚಿದೀಯಾ? ಆರಿಂಚು ಇದೆ! ಎರಡು ಸುತ್ತು! ಭಾರ ಆಗತ್ತಜ್ಜಿ."

"ವರ್ಷಕ್ಕೆ ಎರಡಿಂಚು ಬಿಚ್ಚಬೇಕು. ಮೂರು ವರ್ಷಕ್ಕೆ ಬೇಕಲ್ಲ."

ಗುಂಡಿ ಲಂಗವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಿತ್ತುಕೊಂಡು, ಸೂಜಿ ನೇತಾಡುತ್ತಿದ್ದ ಹಾಗೆಯೇ, "ಅಮ್ಮಾ! ಅಮ್ಮಾ, ಮೂರು ವರ್ಷದ್ದು ಹೊಲಿದಿದಾಳೆ!" ಎಂದು ಒಳಗೆ ಓಡಿದಳು.

ಸೊಸೆ ಬಾಗಿಲಿಗೆ ಬಂದು ನಿಂತಳು. ಲಂಗದ ಅಂಚನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಅವಳ ಕಣ್ಣು ನನ್ನ ಮೊಣಕಾಲಿನ ಮೇಲೆ ಹೋಯಿತು, ಮೂಲೆಯಲ್ಲಿದ್ದ ದೊಣ್ಣೆಯ ಮೇಲೆ ಹೋಯಿತು.

"ಎಡವಿದ್ದು ಯಾವ ಬೀದೀಲಿ ಅತ್ತೆ?"

"ಮುನ್ನೂರ ಹನ್ನೆರಡು ಮೆಟ್ಟಿಲಿನ ಬೀದೀಲಿ," ಎಂದೆ. "ನಾಳೆ ಸಹಿ ಹಾಕೋಕೆ ಮುಂಚೆ ಓದಿ ಹಾಕು. ಆ ಸಾಹೇಬರ ಬರವಣಿಗೆ ಸಡಿಲ."

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಸೂಜಿ ತೆಗೆದುಕೊಂಡು ಉಳಿದಿದ್ದ ಅಂಚನ್ನು ತಾನೇ ಹೊಲಿದಳು. ನಾನು ನೋಡುತ್ತಿದ್ದೆ. ಒಂದು ಹೊಲಿಗೆಯನ್ನೂ ಬಿಚ್ಚಿಸಬೇಕಾಗಲಿಲ್ಲ. ಒಮ್ಮೆಯೂ ಕಿಟಕಿಯಾಚೆ ನೋಡಲಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಸಹಿ ಬಿತ್ತು. ಪೆಟ್ಟಿಗೆಗಳ ಹಗ್ಗ ಬಿಚ್ಚಿಸಿದೆ. ಅಳತೆಗೆರೆಯ ಕಾಗದ ನನ್ನ ಚೀಲದಲ್ಲಿದೆ, ಕತ್ತರಿಸುವ ಮೇಜಿನ ಎದುರಿನ ಗೋಡೆಗೆ ಹಾಕುವುದು. ಕಾಲಿಂಚು ಕುಗ್ಗಿದೆ ಎಂದು ಪಕ್ಕದಲ್ಲಿ ಬರೆದಿದ್ದೇನೆ. ಗೀರಿಲ್ಲದ ಹೊಸ ಅಚ್ಚನ್ನು ತೆಗೆದಿಡುತ್ತಾಳಂತೆ, ಅದನ್ನು ಒಯ್ಯಲು ನಾನೇ ಬರಬೇಕಂತೆ. ನೋಡೋಣ ಎಂದೆ.

ನಿಲ್ದಾಣಕ್ಕೆ ಮೂವರೂ ಒಂದು ಗಂಟೆ ಮುಂಚೆಯೇ ಬಂದು ಕೂತೆವು. ಹೇಗೂ ನಲವತ್ತು ನಿಮಿಷ ತಡ, ಹೇಳುವುದನ್ನು ನಿಧಾನವಾಗಿ ಹೇಳಬಹುದು ಎಂದುಕೊಂಡಿದ್ದೆ.

ತಪ್ಪು ೯: ಬಸ್ಸು ಸರಿಯಾದ ಸಮಯಕ್ಕೆ ಬಂದುಬಿಟ್ಟಿತು.